ಬಚ್ಚಲಿನ ನೀಲಿ ನೀರು

ಸೊಸೆ ಮೊದಲ ಸಲ ಬಸುರಾದಾಗ ನಮ್ಮ ಮನೆಯಲ್ಲಿ ಒಂದು ಸಂವಿಧಾನ ಜಾರಿಗೆ ಬಂತು. ರಚಿಸಿದವಳು ನನ್ನ ಹೆಂಡತಿ. ಅನುಮೋದಿಸಿದವನು ನಾನು, ಅನುಮೋದಿಸದಿರುವ ಕಲಮು ಅದರಲ್ಲಿ ಇರಲಿಲ್ಲ. ಪಪ್ಪಾಯಿ ನಿಷಿದ್ಧ. ಸಂಜೆ ಹುಣಸೆ ಮರದ ಕೆಳಗೆ ಹಾಯುವುದು ನಿಷಿದ್ಧ. ಗ್ರಹಣದ ದಿನ ಈಳಿಗೆ ಮುಟ್ಟಿದರೆ ಕೂಸಿನ ತುಟಿ ಸೀಳುತ್ತದೆಂದು ಅವಳನ್ನು ಕೋಣೆಯಲ್ಲಿ ಕೂಡಿಸಿ, ಕಿಟಕಿಗೆ ಜಮಖಾನ ಕಟ್ಟಿದೆವು. ಕಟ್ಟಿದವನು ನಾನೇ.

ಆ ಸಂವಿಧಾನದಲ್ಲಿ ಎಣ್ಣೆಯ ಮಾತು ಬರಲಿಲ್ಲ. ನಮ್ಮ ಅಥಣಿ ಕಡೆ ಬೆಳೆಗೆ ಹೊಡೆಯುವ ವಿಷಕ್ಕೂ ಎಣ್ಣೆ ಎಂದೇ ಹೆಸರು. ಮಗ ತೋಟದ ದ್ರಾಕ್ಷಿ ಪಡಕ್ಕೆ ಎಣ್ಣೆ ಹೊಡೆದು ಬರುತ್ತಿದ್ದ. ತೊಯ್ದ ಅಂಗಿ, ಚೊಣ್ಣ ಬಚ್ಚಲಿಗೆ ಬೀಳುತ್ತಿದ್ದವು. ಸೊಸೆ ಬರಿಗೈಯಲ್ಲಿ ತಿಕ್ಕುತ್ತಿದ್ದಳು. ಎಣ್ಣೆ ಬಿಟ್ಟು ನೀಲಿ ನೀರು ಹರಿಯುತ್ತಿತ್ತು. ಬಸುರಿ ಮೈ ಬಗ್ಗಿಸಿದಷ್ಟೂ ಹೆರಿಗೆ ಸಲೀಸು ಎಂದು ನಾವು ಮೆಚ್ಚಿಕೊಂಡೆವು.

ಮೊಮ್ಮಗ ಹುಟ್ಟಿದ. ತುಟಿ ಚೆನ್ನಾಗಿತ್ತು. ಒಂದು ವೃಷಣ ಮಾತ್ರ ಚೀಲಕ್ಕೆ ಇಳಿದಿರಲಿಲ್ಲ. ವರ್ಷ ತುಂಬುವ ಹೊತ್ತಿಗೆ ಮೀರಜಿನಲ್ಲಿ ಆಪರೇಷನ್ ಆಯಿತು. ಹೆಂಡತಿ ಜಮಖಾನದಲ್ಲಿ ತೂತು ಹುಡುಕಿದಳು, ಸಿಕ್ಕಿತು ಕೂಡ. ಡಾಕ್ಟರು ಗ್ರಹಣದ ಗೋಜಿಗೇ ಹೋಗದೆ ಎಣ್ಣೆಯ ಬಗ್ಗೆ ಕೇಳಿದರು. ಈ ಕೂಸಿಗೆ ಇದರಿಂದಲೇ ಆಯಿತೆಂದು ಹೇಳಲಾರೆ, ಆದರೆ ಹೊಟ್ಟೆಯಲ್ಲಿ ಆ ಅಂಗಗಳು ರೂಪುಗೊಳ್ಳುವ ತಿಂಗಳುಗಳಲ್ಲಿ ತಾಯಿಯ ಮೈ ಸೇರಿದ ಇಂಥ ಕೆಲವು ವಿಷಗಳು ಅಡ್ಡ ಬರುತ್ತವೆಂಬ ಸಂಶಯವಿದೆ, ಇನ್ನು ಮುಟ್ಟಿಸಬೇಡಿ ಎಂದರು. ದೊಡ್ಡವನಾದ ಮೇಲೆ ಇವನಿಗೆ ಮಕ್ಕಳಾಗುತ್ತವೆಯೇ ಎಂದೆ. ಆಗಬಹುದು, ನೋಡೋಣ ಎಂದರು. ಆ ‘ನೋಡೋಣ’ ಇನ್ನೂ ನನ್ನ ಕಿವಿಯಲ್ಲಿದೆ.

ಈಗ ಸೊಸೆಗೆ ಮತ್ತೆ ಎರಡು ತಿಂಗಳು. ಮೊನ್ನೆ ಮಗ ರೂಢಿಯಂತೆ ಬಟ್ಟೆಯನ್ನು ಬಚ್ಚಲಿಗೆ ಎಸೆದ. ನಾನು ಪಡಸಾಲೆಯಲ್ಲಿ ಕುಳಿತು, ಕೊನೆಯ ಎಣ್ಣೆ ಹೊಡೆದ ಮೇಲೆ ಹೇಳಿದಷ್ಟು ದಿನ ಬಿಟ್ಟೇ ಹಣ್ಣು ಕೊಯ್ಯುತ್ತೇವೆ, ಹೊರದೇಶದವರ ಹೊಟ್ಟೆಗೆ ಹೋಗುವ ಮಾಲು ಎಂದು ವ್ಯಾಪಾರಿಗೆ ಫೋನಿನಲ್ಲಿ ಆಣೆ ಮಾಡುತ್ತಿದ್ದೆ. ಸೊಸೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

“ಮಾವಾರ, ದ್ರಾಕ್ಷಿಗಿ ಅಷ್ಟ ದಿನಾ ಬಿಡ್ತೀರಿ. ನನಗ ಒಂಬತ್ ತಿಂಗಳಾ ಬಿಡ್ರಿ.”

ಹೆಂಡತಿ ತನ್ನ ಸಂವಿಧಾನದಲ್ಲಿ ಇದಕ್ಕೊಂದು ಕಲಮು ಹುಡುಕತೊಡಗಿದಳು. ಮಗ ಪಂಪು ತೊಳೆಯುವ ನೆವದಲ್ಲಿ ಹಿತ್ತಲಿಗೆ ಹೊರಟಿದ್ದ.

“ಬಾರಲೇ ಇಲ್ಲೆ,” ಎಂದು ಮಗನನ್ನು ಕೂಗಿದೆ. “ನಿನ್ನ ಚೊಣ್ಣಾ ನೀನ ಒಗಿ.”

ಈಗ ಎಣ್ಣೆ ಹೊಡೆದ ದಿನ ಅವನು ಪಡದ ನೀರಿನ ಟಾಕಿಯ ಬಳಿಯೇ ಮಿಂದು, ಬಟ್ಟೆಯನ್ನು ಅಲ್ಲೇ ಒಗೆದು ಹಾಕಿ ಬರುತ್ತಾನೆ. ಹಿಂಡಲು ಇನ್ನೂ ಬರುವುದಿಲ್ಲ. ಮುಂದೆ ಗ್ರಹಣವೂ ಒಂದಿದೆಯಂತೆ. ಹೆಂಡತಿ ಜಮಖಾನಕ್ಕೆ ತೇಪೆ ಹಾಕುತ್ತಿದ್ದಾಳೆ.