ಹರಿವೆ ಎಲೆಯಡಿಯ ಹದಿನಾಲ್ಕು ಗುಂಡಿ

ಸಿದ್ಧಕಟ್ಟೆಯ ನನ್ನ ಹೊಲಿಗೆ ಅಂಗಡಿಯ ಕಿಟಕಿಗೆ ಒಂದು ಗೇರು ಮರದ ಕೊಂಬೆ ತಾಗಿಕೊಂಡಿದೆ. ಆ ಕೊಂಬೆಯಲ್ಲಿ ಚಗಳಿಗಳ ಸಂಸಾರ. ಕಚ್ಚಿದರೆ ಉರಿ ಹತ್ತಿಸುವ ಈ ಕೆಂಪಿರುವೆಗಳಿಗೂ ನನಗೂ ಕಸುಬು ಒಂದೇ. ಹತ್ತಿಪ್ಪತ್ತು ಇರುವೆಗಳು ಸಾಲಾಗಿ ನಿಂತು ಒಂದು ಎಲೆಯ ಅಂಚನ್ನು ಇನ್ನೊಂದರ ಅಂಚಿಗೆ ಎಳೆದು ಹಿಡಿಯುತ್ತವೆ. ಬೇರೊಂದು ಇರುವೆ ಗೂಡಿನ ಮರಿಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ಬಂದು, ಆ ಮರಿ ಬಿಡುವ ನೂಲಿನಿಂದ ಎರಡು ಅಂಚನ್ನೂ ಸೇರಿಸುತ್ತದೆ. ಮೆಷಿನ್ನಿನ ಮುಂದೆ ಕುಳಿತು ತಲೆ ಎತ್ತಿದಾಗಲೆಲ್ಲ ನಾನು ಅವುಗಳನ್ನೇ ನೋಡುತ್ತಿದ್ದೆ. ಆ ಹೊಲಿಗೆಯದೊಂದು ಫೋಟೋ ತೆಗೆದು ಅಂಗಡಿಯ ಗೋಡೆಗೆ ಹಾಕಬೇಕೆಂಬುದು ನನ್ನ ಬಹಳ ದಿನದ ಆಸೆಯಾಗಿತ್ತು.

ಅಣ್ಣನ ಮಗಳು ಹೊಸ ಕ್ಯಾಮೆರಾ ತೆಗೆದುಕೊಂಡಾಗ ಹಳೆಯದನ್ನು ನನಗೆ ದಾಟಿಸಿದಳು. ಜೊತೆಗೊಂದು ಪುಟ್ಟ ಲೆನ್ಸು, ಬೆಳಕಿನ ಕಿಂಡಿಯನ್ನು ಕೈಯಿಂದಲೇ ತಿರುಗಿಸಿ ಹಿಗ್ಗಿಸುವ, ಕುಗ್ಗಿಸುವ ಹಳೆಯ ನಮೂನೆಯದು. ಒಂದು ಮೊಳ ದೂರದಿಂದ ಚಂದ ಕಾಣುತ್ತಿತ್ತು. ಅದಕ್ಕಿಂತ ಹತ್ತಿರ ಹೋದರೆ ಎಲ್ಲ ಮಸುಕು. ಬಂಟ್ವಾಳದ ಫೋಟೋ ಸ್ಟುಡಿಯೋದವರನ್ನು ಕೇಳಿದೆ. "ಇರುವೆಗೆಲ್ಲ ಮ್ಯಾಕ್ರೋ ಲೆನ್ಸ್ ಅಂತ ಬೇರೆಯೇ ಉಂಟು ಅಕ್ಕ. ಅದಿಲ್ಲದೆ ಆಗುವುದಿಲ್ಲ" ಎಂದರು. ಬೆಲೆ ಕೇಳುವ ಧೈರ್ಯವಾಗಲಿಲ್ಲ. ಬಸ್ಸು ಹತ್ತಿ ಬಂದೆ.

ದಾರಿ ತೋರಿಸಿದ್ದು ಒಂದು ಯೂನಿಫಾರ್ಮ್ ಬಟ್ಟೆ. ಲೆನ್ಸನ್ನು ಕಳಚಿ ಧೂಳು ಒರೆಸುತ್ತಿದ್ದೆ. ಒರೆಸಿಯಾಯಿತೇ ಎಂದು ಅದರ ಹಿಂಬದಿಯನ್ನು ಬಟ್ಟೆಯ ಕಡೆಗೆ ಹಿಡಿದು ಮುಂಬದಿಯಿಂದ ಇಣುಕಿದರೆ, ಮೇಜಿನ ಮೇಲಿದ್ದ ನೀಲಿ ಬಟ್ಟೆಯ ಹಾಸು, ಹೊಕ್ಕು ಪೂರಾ ಚಾಪೆ ಹೆಣೆದಷ್ಟು ದಪ್ಪಕ್ಕೆ ಕಂಡಿತು. ಒಂದೊಂದು ಎಳೆಯೂ ಹಗ್ಗ! ಹಾಗಾದರೆ ಲೆನ್ಸನ್ನು ತಿರುಗಿಸಿ ಕ್ಯಾಮೆರಾಕ್ಕೆ ಕೂರಿಸಿದರೆ? ಕೈಯಲ್ಲೇ ಒತ್ತಿ ಹಿಡಿದು ಒಂದು ಗುಂಡಿಯ ಫೋಟೋ ತೆಗೆದೆ. ಗುಂಡಿಯ ನಾಲ್ಕು ತೂತುಗಳು ಪರದೆಯಲ್ಲಿ ನಾಲ್ಕು ಬಾವಿಗಳಾಗಿದ್ದವು. ನಾನು ಒಬ್ಬಳೇ ನಕ್ಕೆ.

ಆದರೆ ಒಂದು ಕೈ ಲೆನ್ಸಿಗೆ, ಒಂದು ಕೈ ಕ್ಯಾಮೆರಾಕ್ಕೆ ಕೊಟ್ಟರೆ ಕೊಂಬೆ ಹಿಡಿಯಲು ಕೈ ಇಲ್ಲ. ನನ್ನ ಗಂಡ ಮಾಣಿ ಪೇಟೆಯಲ್ಲಿ ಪಂಪು, ಪೈಪಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಅವರನ್ನು ಕೇಳಿದೆ.

"ನಿಮ್ಮಲ್ಲಿ ಪೈಪಿಗೆ ಹಾಕುವ ಕಪ್ಲಿಂಗ್ ಉಂಟಲ್ಲ, ಅದೊಂದು ಬೇಕಿತ್ತು."

"ಎಷ್ಟು ಇಂಚಿಂದು?"

"ಇಂಚು ಗೊತ್ತಿಲ್ಲ. ಈ ಲೆನ್ಸು ಒಳಗೆ ಸರಿಯಾಗಿ ಕೂತ್ಕೊಳ್ಬೇಕು."

"ಎಷ್ಟು ಪ್ರೆಶರ್ ತಡೀಬೇಕು?"

"ನೀರು ಬಿಡ್ಲಿಕ್ಕಲ್ಲ ಮಾರಾಯ್ರೆ, ಬೆಳಕು ಬಿಡ್ಲಿಕ್ಕೆ."

"ಹಾಗಾದ್ರೆ ಲೀಕಾದ್ರೂ ತೊಂದ್ರೆ ಇಲ್ಲ" ಎಂದು ನಕ್ಕರು.

ತೊಂದರೆ ಇತ್ತು. ಕ್ಯಾಮೆರಾದ ಬಾಯಿಗೆ ಬರುವ ಪ್ಲಾಸ್ಟಿಕ್ ಮುಚ್ಚಳಕ್ಕೆ ತೂತು ಕೊರೆದು, ಅದಕ್ಕೆ ಕಪ್ಲಿಂಗ್ ಅಂಟಿಸಿ, ಲೆನ್ಸನ್ನು ತಿರುವಿ ಕೂರಿಸಿಕೊಟ್ಟರು. ಮೊದಲ ಚಿತ್ರಗಳೆಲ್ಲ ಮಜ್ಜಿಗೆ ನೀರಿನ ಹಾಗೆ ಬಿಳಿ ಬಿಳಿ. ಬಿಳಿ ಪೈಪಿನ ಗೋಡೆಯಿಂದ ಬೆಳಕು ಸೋರುತ್ತಿತ್ತು. ಶಾಲೆಯ ವಾರ್ಷಿಕೋತ್ಸವದ ಡ್ರೆಸ್ಸಿಗೆ ತಂದ ಕಪ್ಪು ವೆಲ್ವೆಟ್ಟು ಮಿಕ್ಕಿತ್ತು. ಪೈಪಿನ ಒಳಗೂ ಹೊರಗೂ ಅದನ್ನು ಹೊದೆಸಿ ಅಂಟಿಸಿದೆ. ಲೀಕು ನಿಂತಿತು.

ಅಲ್ಲಿಂದ ಮುಂದಿನದನ್ನು ಮೈಯೇ ಕಲಿಯಬೇಕು. ಇಂಥ ಲೆನ್ಸಿನಲ್ಲಿ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳುವ ವ್ಯವಸ್ಥೆ ಇಲ್ಲ. ಎಲೆಗೆ ನಾಲ್ಕು ಬೆರಳು ದೂರ ಲೆನ್ಸು ಹಿಡಿದು, ನಾವೇ ಕೂದಲೆಳೆಯಷ್ಟು ಹಿಂದೆ ಮುಂದೆ ತೂಗಬೇಕು. ಇರುವೆಯ ಕಣ್ಣು ಚುರುಕಾಗಿ ಕಂಡರೆ ಕಾಲು ಮಸುಕು, ಕಾಲು ಕಂಡರೆ ಕಣ್ಣು ಮಸುಕು. ಸೂಜಿಗೆ ನೂಲು ಪೋಣಿಸುವಾಗ ಉಸಿರು ಹಿಡಿಯುತ್ತೇವಲ್ಲ, ಹಾಗೆ ಹಿಡಿದು ಒತ್ತಬೇಕು. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಹುಳಗಳು ಚಳಿಗೆ ಮುದುಡಿ ಕುಳಿತಿರುತ್ತವೆ, ಆಗ ಸುಲಭ. ಬಿಸಿಲು ಹೆಚ್ಚಾದರೆ ಮಧ್ಯೆ ಬಿಳಿ ಲೈನಿಂಗ್ ಬಟ್ಟೆ ಕಟ್ಟಿದರಾಯಿತು. ಮಿಡತೆಯೊಂದು ಮತ್ತೆ ಮತ್ತೆ ಹಾರಿದಾಗ ಗಂಡ ಹೇಳಿದರು, "ಅದನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡು. ಮತ್ತೆ ಅಲುಗುವುದಿಲ್ಲ."

"ಫ್ರಿಜ್ಜಿನಲ್ಲಿ ಇಡ್ಲಿ ಹಿಟ್ಟು ಉಂಟು. ನೀವು ಬೇಕಾದ್ರೆ ಹೋಗಿ ಕೂತ್ಕೊಳ್ಳಿ" ಎಂದೆ.

ಚಗಳಿಯ ಹೊಲಿಗೆ ಸಿಕ್ಕಿತು. ಗೋಡೆಗೆ ಹಾಕಿದೆ. ರವಕೆ ಹೊಲಿಸಲು ಬಂದವರೆಲ್ಲ ಅಳತೆ ಕೊಡುವ ಮೊದಲು ಅದನ್ನೇ ನೋಡತೊಡಗಿದರು. ನನಗೆ ಕೊಂಬು ಬಂತು. ಯಾರು ಏನು ತಂದರೂ, ಹೂವಾಗಲಿ ಕಾಯಾಗಲಿ, ಹತ್ತಿರದಿಂದ ಹಿಡಿದು ತೋರಿಸುವ ಚಟ ಹತ್ತಿತು. ಆ ಚಟದಿಂದಲೇ ನನ್ನಿಂದ ಒಂದು ತಪ್ಪಾಯಿತು.

ಮೂಡಬಿದಿರೆಯಿಂದ ನನ್ನಲ್ಲಿಗೆ ಹೊಲಿಸಲು ಬರುವ ಒಬ್ಬ ಹಿರಿಯರಿದ್ದಾರೆ. ಜೈನ ಮನೆತನ, ತಲೆತಲಾಂತರದಿಂದ ಒಂದು ಸಣ್ಣ ಬಸದಿಯನ್ನು ನೋಡಿಕೊಂಡು ಬಂದವರು. ನಾನು ಅವರನ್ನು ಅಮ್ಮ ಎಂದೇ ಕರೆಯುವುದು. ಬಂದರೆ ನಾಲ್ಕು ಗಂಟೆಯ ಬಸ್ಸಿಗೆ ಹೊರಟುಬಿಡುತ್ತಾರೆ, ಸೂರ್ಯ ಮುಳುಗುವ ಮೊದಲು ಊಟವಾಗಬೇಕು. ಮಳೆಗಾಲದ ನಾಲ್ಕು ತಿಂಗಳು ಅವರ ಮನೆಯಲ್ಲಿ ಸೊಪ್ಪು ಇಲ್ಲ, ಎಲೆಗಳಲ್ಲಿ ಜೀವಿಗಳು ಹೆಚ್ಚಿರುತ್ತವೆಂದು. ಉಳಿದ ದಿನಗಳಲ್ಲೂ ಒಂದೊಂದು ಎಲೆಯನ್ನು ಎರಡೂ ಬದಿ ತಿರುವಿ ನೋಡಿಯೇ ಅಡುಗೆಗೆ. ಆದರೆ ಎರಡು ವರ್ಷದಿಂದ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸುವ ಎಂದು ಸೊಸೆ ಹೇಳಿದಾಗಲೆಲ್ಲ "ದೀಪಾವಳಿ ಕಳೀಲಿ", "ಆಷಾಢ ಕಳೀಲಿ" ಎಂದು ದಾಟಿಸುತ್ತಿದ್ದರು.

ಆ ಸಲ ದೀಪಾವಳಿ ಕಳೆದು, ಸೊಪ್ಪು ತಿನ್ನುವ ದಿನ ಬಂದ ಸಂತೋಷದಲ್ಲಿ ಅಮ್ಮ ನನಗೊಂದು ಕಟ್ಟು ಕೆಂಪು ಹರಿವೆ ತಂದರು.

"ನನ್ನ ಹಿತ್ತಿಲಿಂದು. ಒಂದೊಂದು ಎಲೆ ನೋಡಿ, ತೊಳೆದು ತಂದದ್ದು. ನೀನು ಹಾಗೆಯೇ ಕತ್ತರಿಸಿ ಒಲೆಗೆ ಹಾಕಿದ್ರಾಯ್ತು."

ನಾನು ಕಟ್ಟು ಬಿಚ್ಚಿದೆ. ಒಂದು ಎಲೆಯ ಅಡಿಯಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳು. ಕೈ ತಾನಾಗಿ ಕ್ಯಾಮೆರಾಕ್ಕೆ ಹೋಯಿತು. ಪರದೆಯಲ್ಲಿ ನೋಡಿದರೆ ಎಂಥ ಚಂದ! ಪುಟ್ಟ ಪುಟ್ಟ ಪೀಪಾಯಿಯಂಥ ಮೊಟ್ಟೆಗಳು, ಒಂದಕ್ಕೊಂದು ಒತ್ತಿ ಮೂರು ಸಾಲು, ಒಂದೊಂದಕ್ಕೂ ದುಂಡಗಿನ ಮುಚ್ಚಳ. ಯಾವುದೋ ಹಸಿರು ತಿಗಣೆಯದ್ದು. ಕಾರ್ಡಿಗೆ ಪೋಣಿಸಿಟ್ಟ ಮುತ್ತಿನ ಗುಂಡಿಗಳ ಹಾಗೆಯೇ ಇತ್ತು.

"ನೋಡಿ ಅಮ್ಮ, ನಿಮ್ಮ ಹರಿವೆಯಲ್ಲಿ ಗುಂಡಿ ಬೆಳೆದಿದೆ!" ಎಂದು ಪರದೆಯನ್ನು ಅವರ ಮುಖದ ಹತ್ತಿರ ಹಿಡಿದೆ. "ಹದಿನಾಲ್ಕು ಮೊಟ್ಟೆ."

ಅವರು ನೋಡಿದರು. ನಗಲಿಲ್ಲ.

"ಇದು ನಾನು ನೋಡಿದ ಎಲೆಯಾ?"

ಆಗ ನನಗೆ ಹೊಳೆಯಿತು. ಹೊಳೆದು ಪ್ರಯೋಜನವಿಲ್ಲ. ಅಮ್ಮ ಚೀಲ ಎತ್ತಿಕೊಂಡು, ಅಳತೆಯನ್ನೂ ಕೊಡದೆ, ಎರಡೂವರೆಗೇ ಬಸ್‌ಸ್ಟಾಂಡಿಗೆ ನಡೆದರು. ನಾನು ಆ ಎಲೆಯನ್ನು ಮಾತ್ರ ಗುಂಡಿಯ ಡಬ್ಬಿಯೊಂದರಲ್ಲಿ ಒದ್ದೆ ಹತ್ತಿಯ ಮೇಲಿಟ್ಟೆ. ಬಿಸಾಡಲು ಮನಸ್ಸು ಬರಲಿಲ್ಲ.

ಮೂರನೆಯ ದಿನ ಅವರ ಸೊಸೆಯ ಫೋನು. "ಅಕ್ಕಾ, ನೀವು ಅತ್ತೆಗೆ ಎಂತ ತೋರಿಸಿದ್ದು? ಸೊಪ್ಪು ಬಿಡಿ, ಈಗ ಅನ್ನವೂ ಬೇಡ ಅಂತಾರೆ. ಹಾಲು, ಬಾಳೆಹಣ್ಣು ಅಷ್ಟೇ. ಎರಡು ವರ್ಷದಿಂದ ಎಷ್ಟು ಜೀವ ಹೋಯ್ತೋ ನನ್ನ ಕೈಯಿಂದ ಅಂತ ಕೂತಿದ್ದಾರೆ. ನಾನು ಆರಿಸಿ ಕೊಡ್ತೇನೆ ಅಂದ್ರೆ ನಿನ್ನ ಕಣ್ಣೂ ಅಷ್ಟೇ ಅಂತಾರೆ."

ಮರುದಿನ ಅಂಗಡಿಗೆ ಬೀಗ ಹಾಕಿ ಮೂಡಬಿದಿರೆಯ ಬಸ್ಸು ಹತ್ತಿದೆ. ಚೀಲದಲ್ಲಿ ಕ್ಯಾಮೆರಾ, ಮಡಿಲಲ್ಲಿ ಡಬ್ಬಿ. ತಿರುವುಗಳಲ್ಲಿ ಡಬ್ಬಿ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದದ್ದು ನೋಡಿ ಕಂಡಕ್ಟರ್ "ಮೊಟ್ಟೆಯಾ ಅಕ್ಕ?" ಎಂದು ಕೇಳಿದ. ಹೌದು ಎಂದೆ.

ಅಮ್ಮ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದರು. ಮುಖ ಸಣ್ಣದಾಗಿತ್ತು. ನಾನು ಬರುವಾಗ ಕ್ಷಮೆ ಕೇಳುವ ಮಾತನ್ನು ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಬೇರೆ.

"ಅಮ್ಮ, ಅವು ಸತ್ತಿಲ್ಲ. ಇಲ್ಲೇ ಉಂಟು."

"ಎಲ್ಲಿ?"

ಡಬ್ಬಿ ಬಿಚ್ಚಿದೆ. ಬಿಳಿಯಿದ್ದ ಚುಕ್ಕೆಗಳು ಕೇಸರಿಗೆ ತಿರುಗಿದ್ದವು. ಅಮ್ಮ ಎಲೆಯನ್ನು ಮೂಗಿನ ತನಕ ತಂದರೂ ಅವರಿಗೆ ಏನೂ ಕಾಣಲಿಲ್ಲ. ಮಣೆಯ ಮೇಲೆ ಎಲೆಯಿಟ್ಟು, ಎರಡು ಪುಸ್ತಕಗಳ ಮೇಲೆ ಕ್ಯಾಮೆರಾ ಇಟ್ಟು, ಪರದೆಯನ್ನು ಅವರ ಕಡೆಗೆ ತಿರುಗಿಸಿದೆ. ಪ್ರತಿ ಮೊಟ್ಟೆಯಲ್ಲೂ ಎರಡು ಕೆಂಪು ಚುಕ್ಕೆಗಳು.

"ಇದೆಂತ ಕೆಂಪು?"

"ಕಣ್ಣು ಅಮ್ಮ. ಒಳಗಿಂದ ಕಾಣುವುದು."

ಅವರು ಪರದೆ ಬಿಟ್ಟು ಏಳಲಿಲ್ಲ. ನಾನು ನಡುನಡುವೆ ಕ್ಯಾಮೆರಾವನ್ನು ಕೂದಲೆಳೆಯಷ್ಟು ಸರಿಸುತ್ತಾ ಕುಳಿತೆ. ಹನ್ನೊಂದು ಗಂಟೆಯ ಹೊತ್ತಿಗೆ ಅಮ್ಮ ನನ್ನ ಮೊಣಕೈ ಹಿಡಿದರು. "ಮುಚ್ಚಳ ಅಲುಗಿತು."

ನನಗೆ ಕಾಣುವ ಮೊದಲು ಅವರಿಗೆ ಕಂಡಿತ್ತು. ಒಂದು ಮುಚ್ಚಳ ಮೆಲ್ಲನೆ ಎದ್ದಿತು. ಒಳಗಿಂದ ಕೇಸರಿ ತಲೆಯೊಂದು ಹೊರಬಂದು, ಕಾಲು ಒಂದೊಂದಾಗಿ ಬಿಡಿಸಿಕೊಂಡು, ಮೊಟ್ಟೆಯ ಅಂಚಿನಲ್ಲಿ ನಿಂತಿತು. ಅಂಗಿಯ ಕೈಗೆ ಕೈ ತೂರಿಸಲು ಒದ್ದಾಡುವ ಮಗುವಿನ ಹಾಗೆ. ಅಮ್ಮ ಎಣಿಸತೊಡಗಿದರು. ಐದಾಯಿತು, ಎಂಟಾಯಿತು. ಸೊಸೆ ಒಲೆಯ ಕೆಲಸ ಬಿಟ್ಟು ಬಂದು ನಮ್ಮ ಹಿಂದೆ ಮಂಡಿಯೂರಿದಳು. ಹದಿಮೂರಕ್ಕೆ ನಿಂತಿತು. ಹದಿನಾಲ್ಕನೆಯದು ಬಹಳ ಹೊತ್ತು ಬರಲೇ ಇಲ್ಲ.

"ಅವಸರ ಮಾಡ್ಬೇಡಿ. ಬರ್ತದೆ ಅದು" ಎಂದರು ಅಮ್ಮ.

ಬಂತು. ಅಮ್ಮ ಪರದೆಯಿಂದ ಮುಖ ಎತ್ತಿ, ನಾಲ್ಕು ದಿನದ ನಂತರ ನಕ್ಕರು. ಆಮೇಲೆ, "ಹಸಿವಾಗ್ತದೆ ಮಾರಾಯ್ತಿ" ಎಂದರು.

ಆದರೆ ಅನ್ನ ಬೇಕಾದರೆ ಅಕ್ಕಿ ನೋಡಿಕೊಡಬೇಕಂತೆ, ಅದೇ ಕ್ಯಾಮೆರಾ ಪೆಟ್ಟಿಗೆಯಲ್ಲಿ. ಸೊಸೆ ಮೊರದಲ್ಲಿ ಅಕ್ಕಿ ಹರಡಿದಳು. ನಾನು ಒಂದೊಂದು ಅಂಗೈ ಅಗಲವನ್ನು ಲೆನ್ಸಿನ ಕೆಳಗೆ ಸರಿಸುತ್ತಾ ಪರದೆಗೆ ತಂದೆ. ಕುಚ್ಚಲಕ್ಕಿಯ ಕಾಳು ಒಂದೊಂದೂ ನುಣ್ಣಗಿನ ಹೊಳೆಕಲ್ಲಿನಂತೆ ಕಾಣುತ್ತಿತ್ತು. ಅಮ್ಮ ಪರೀಕ್ಷೆಯ ಕೋಣೆಯ ಟೀಚರಂತೆ ನೋಡಿ, "ಆಯ್ತು, ಮುಂದೆ" ಎನ್ನುತ್ತಿದ್ದರು. ಅರ್ಧ ಸೇರು ಅಕ್ಕಿ ದಾಟುವಾಗ ಬ್ಯಾಟರಿ ಮುಗಿಯಿತು.

"ದಿನಾ ಸಿದ್ಧಕಟ್ಟೆಯಿಂದ ಬಂದು ಅಕ್ಕಿಯ ಫೋಟೋ ತೆಗೀಲಿಕ್ಕೆ ಆಗ್ತದಾ ಇವರಿಗೆ?" ಸೊಸೆ ಸಮಯ ನೋಡಿ ಹೇಳಿದಳು. "ಕಣ್ಣಿನ ಆಪರೇಷನ್ ಮಾಡಿಸುವ, ಅತ್ತೆ."

ಅಮ್ಮ ಹಿತ್ತಿಲ ಕಡೆ ನೋಡಿದರು. "ಆ ಹದಿನಾಲ್ಕನ್ನು ಕೊನೆಯ ಸಾಲಿನ ಹರಿವೆಯಲ್ಲಿ ಬಿಡು. ಆ ಸಾಲು ಅವಕ್ಕೆ. ಉಳಿದದ್ದು ನನಗೆ. ಆದ್ರೆ ಸೊಪ್ಪು ಮಾತ್ರ ನನ್ನ ಕಣ್ಣಿಂದಲೇ ನೋಡಿ ತಿನ್ನುವುದು. ಯಾವಾಗ ಅಂತ ಡಾಕ್ಟರನ್ನು ಕೇಳು."

ಸೊಸೆ ನನ್ನ ಕಡೆ ನೋಡಿ ಕಣ್ಣರಳಿಸಿದಳು.

ಆಪರೇಷನ್ ಮಂಗಳೂರಿನಲ್ಲಾಯಿತು. ಒಂದೂವರೆ ತಿಂಗಳ ಮೇಲೆ, ಒಂದು ಮಧ್ಯಾಹ್ನ, ಅಮ್ಮ ಅಂಗಡಿಯ ಮೆಟ್ಟಿಲು ಹತ್ತಿದರು. ಮೊದಲು ಚಗಳಿಯ ಫೋಟೋ ನೋಡಿದರು. ಆಮೇಲೆ ಕಿಟಕಿಗೆ ಹೋಗಿ ಕೊಂಬೆಯಲ್ಲಿದ್ದ ನಿಜವಾದ ಗೂಡನ್ನು. ಆಮೇಲೆ ಚೀಲದಿಂದ ತಮ್ಮ ಹಳೆಯ ರವಕೆ ತೆಗೆದು ಮೇಜಿನ ಮೇಲೆ ಹಾಸಿ, ಕೊಕ್ಕೆಗಳ ಸಾಲಿನ ಮೇಲೆ ಬೆರಳಿಟ್ಟರು.

"ಇದೆಂತ? ಮೇಲಿಂದು ಈಚೆ, ಕೆಳಗಿಂದು ಆಚೆ?"

ನೋಡಿದೆ. ಕೊಕ್ಕೆಗಳು ಸೊಟ್ಟ ಇದ್ದವು.

"ಎರಡು ವರ್ಷದಿಂದ ನನಗೆ ಕಾಣುವುದಿಲ್ಲ ಅಂತ ಹೀಗೆ ಹೊಲಿದದ್ದಾ ನೀನು?"

"ಇಲ್ಲ ಅಮ್ಮ. ಚಗಳಿ ನೋಡ್ತಾ ಹೊಲಿದದ್ದು."

"ಚಗಳಿಯ ಹೊಲಿಗೆ ಚಂದ ಉಂಟು. ಬಿಚ್ಚು ಇದನ್ನು."

ಬಿಚ್ಚಿ, ಅವರ ಎದುರೇ ಕೂತು, ಆರು ಕೊಕ್ಕೆಯನ್ನೂ ಮತ್ತೆ ಹಾಕಿದೆ. ಒಂದೊಂದನ್ನೂ ಎತ್ತಿ ನೋಡಿ ಒಪ್ಪಿಗೆ ಕೊಟ್ಟರು. ಗಂಟೆ ನಾಲ್ಕಾಗುತ್ತಿತ್ತು. ಏಳುವಾಗ ಚೀಲದ ತಳದಿಂದ ಬಾಳೆಯ ನಾರಿನಲ್ಲಿ ಕಟ್ಟಿದ ಹರಿವೆ ಹೊರಗೆ ಬಂತು.

"ನಿನ್ನೆ ನಮ್ಮಲ್ಲಿ ಇದರದ್ದೇ ಪಲ್ಯ. ನಾನು ಎರಡು ಸಲ ಬಡಿಸಿಕೊಂಡೆ." ಕಟ್ಟನ್ನು ನನ್ನ ಕೈಗೆ ಕೊಟ್ಟು, ನನ್ನ ಕಣ್ಣು ಕ್ಯಾಮೆರಾದ ಕಡೆಗೆ ಹೋದದ್ದನ್ನೂ ಗಮನಿಸಿದರು. "ಅದು ಬೇಡ. ನಾನು ನೋಡಿದ್ದೇನೆ. ಮನೆಗೆ ಹೋಗಿ ತಿನ್ನು."

ಬಸ್ಸು ಬಂತು. ಅಮ್ಮ ಅದರ ಬೋರ್ಡನ್ನು ದೂರದಿಂದಲೇ ಓದಿ ಕೈ ತೋರಿಸಿದರು.

ಆ ಸಂಜೆ ಹರಿವೆಯನ್ನು ಎಲೆ ತಿರುವಿ ನೋಡದೆ ಕತ್ತರಿಸಿ ಒಗ್ಗರಣೆಗೆ ಹಾಕಿದೆ.