ಹತ್ತು ಬೆರಳು, ಹತ್ತು ಬಣ್ಣ

ನೈಲ್ ಪಾಲಿಶಿನ ಸ್ವಭಾವ ನನಗೆ ಇಂದಿಗೂ ಅರ್ಥವಾಗಿಲ್ಲ. ಸೀಸೆಯಲ್ಲಿ ಹಸಿಯಾಗಿರು ಎಂದರೆ ಹದಿನೈದು ದಿನದಲ್ಲಿ ಗಟ್ಟಿಯಾಗಿ ಕೂರುತ್ತದೆ. ಉಗುರಿನ ಮೇಲೆ ಬೇಗ ಒಣಗು ಎಂದರೆ ಅಂಟಂಟಾಗಿ ಸತಾಯಿಸುತ್ತದೆ. ಒಣಗಿತೆಂದು ಅಂಗಿಯ ಗುಂಡಿಗೆ ಕೈ ಹಾಕಿದರೆ ಅಂಗಿಗೆ ಮೆತ್ತಿಕೊಳ್ಳುತ್ತದೆ, ಒರೆಸಿ ತೆಗೆಯೋಣ ಎಂದರೆ ಉಗುರನ್ನು ಬಿಡುವುದಿಲ್ಲ. ಗಂಡಸಿಗೆ ಇಷ್ಟೆಲ್ಲ ಹೇಗೆ ಗೊತ್ತು ಎಂದು ನೀವು ಹುಬ್ಬೇರಿಸುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಂಬತ್ತರ ದಶಕದ ಆರಂಭದಲ್ಲಿ, ಬಹರೈನಿನಲ್ಲಿದ್ದಾಗ, ಒಂದು ಶುಕ್ರವಾರ ನಾನು ಹತ್ತೂ ಬೆರಳಿಗೆ ಹತ್ತು ಬಣ್ಣ ಹಚ್ಚಿಕೊಂಡಿದ್ದೆ. ಅದೂ ಹೆಣ್ಣು ನೋಡಲು ಹೋಗಬೇಕಾದ ದಿನ.

ಆಗ ಮನಾಮದ ಗುಫೂಲ್ ಬಡಾವಣೆಯಲ್ಲಿ ಹಮೀದನ ಜೊತೆ ಒಂದು ಕೋಣೆಯಲ್ಲಿದ್ದೆ. ಅವನು ಉಳ್ಳಾಲದ ಬ್ಯಾರಿ, ಪಿಕಪ್ ಡ್ರೈವರ್. ನಾನು ಒಂದು ಕಂಪೆನಿಯ ಸ್ಟೋರ್‌ಕೀಪರ್. ಎರಡು ವರ್ಷದ ಮೇಲೆ, ಆ ಶುಕ್ರವಾರದ ಮರುದಿನವೇ, ರಜೆಯಲ್ಲಿ ಊರಿಗೆ ಹೊರಡುವುದಿತ್ತು. ಗಲ್ಫಿನಿಂದ ಬರಿಗೈಯಲ್ಲಿ ಇಳಿದರೆ ನಮ್ಮೂರ ಹೆಂಗಸರು ಬಂದ ವಿಮಾನದಲ್ಲೇ ವಾಪಸ್ ಕಳಿಸಿಯಾರು. ತಂಗಿ ಪತ್ರದಲ್ಲಿ ವಿವರವಾಗಿ ಬರೆದಿದ್ದಳು: ತನಗೆ ಬಸಳೆ ಹಣ್ಣಿನ ಬಣ್ಣ, ದೊಡ್ಡಮ್ಮನ ಮಗಳಿಗೆ ನೀರುಳ್ಳಿ ಸಿಪ್ಪೆಯ ಬಣ್ಣ, ಪಕ್ಕದ ಮನೆಯ ಟೀಚರಿಗೆ ಹಚ್ಚಿದ್ದು ಗೊತ್ತಾಗಬಾರದು, ಆದರೆ ಹಚ್ಚಿದ ಹಾಗೂ ಇರಬೇಕು, ಅಂಥ ಬಣ್ಣ. ಹೀಗೆ ಹತ್ತು ಮಂದಿ. ಮನಾಮದ ಪೇಟೆಯಲ್ಲಿ ಕೊಂಡ ಸೀಸೆಗಳ ಮೇಲೋ, ಬರೀ ನಂಬರು.

ಸ್ಯಾಂಪಲ್ ನೋಡದೆ ಮಾಲು ಹೊರಗೆ ಬಿಡುವುದು ಸ್ಟೋರ್‌ಕೀಪರನ ಜಾಯಮಾನವಲ್ಲ. ಉಗುರಿಗೊಂದರಂತೆ ಬಣ್ಣ ಹಚ್ಚಿ, ಪತ್ರದ ಜೊತೆ ತಾಳೆ ನೋಡಿದೆ. ಎಡಗೈಯಲ್ಲಿ ಬ್ರಶ್ ಹಿಡಿದು ಬಲಗೈಗೆ ಹಚ್ಚಿದಾಗ ಉಗುರಿಗಿಂತ ಚರ್ಮಕ್ಕೇ ಹೆಚ್ಚು ಬಿತ್ತು. ಏಸಿಯ ಮುಂದೆ ಎರಡೂ ಕೈ ಚಾಚಿ ನಿಂತೆ. ಮೂಗು ತುರಿಸಿತು, ಬಾಗಿಲಿನ ಚೌಕಟ್ಟಿಗೆ ತಿಕ್ಕಿಕೊಂಡೆ. ಸಾಬೂನು ಹಾಕಿ ತೊಳೆದರೆ ಎಲ್ಲ ಹೋಗುತ್ತದೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಹೋಗಲಿಲ್ಲ. ತೆಂಗಿನೆಣ್ಣೆಗೆ, ಸೀಮೆಎಣ್ಣೆಗೆ, ಹಮೀದನ ಅತ್ತರಿಗೂ ಹೋಗಲಿಲ್ಲ. ಸಂಜೆ ನಾಲ್ಕಕ್ಕೆ ಸೇತುವೆಯಾಚೆಯ ಮುಹರ್ರಕ್‌ನಲ್ಲಿ ನಾನು ನೋಡಬೇಕಿದ್ದ ಹುಡುಗಿ ಸುಮತಿಯ ಅಣ್ಣನ ಮನೆಗೆ ಹೋಗಬೇಕು. ದೀಪಾವಳಿಯ ಕೂಟವೊಂದರಲ್ಲಿ ಅವಳನ್ನು ದೂರದಿಂದ ನೋಡಿದ್ದೆ, ಅಂದಿನಿಂದ ಊಟ ರುಚಿಸುತ್ತಿರಲಿಲ್ಲ. ಮೊದಲೇ ಎರಡು ಮನೆಯವರು ನನ್ನನ್ನು ಒಲ್ಲೆ ಎಂದಿದ್ದರು. ಇವಳೂ ಬೇಡವೆಂದರೆ ಊರಿಗೆ ಹೋಗುವ ಉತ್ಸಾಹವೇ ನನಗೆ ಉಳಿಯುತ್ತಿರಲಿಲ್ಲ.

ಜುಮಾ ನಮಾಜು ಮುಗಿಸಿ ಬಂದ ಹಮೀದ್ ಬಾಗಿಲಲ್ಲೇ ನಿಂತ. "ಎಂತ ಮಾರಾಯ ಇದು? ನೀನು ಹೆಣ್ಣು ನೋಡ್ಲಿಕ್ಕೆ ಹೋಗುದಾ, ನಿನ್ನನ್ನೇ ಯಾರಾದ್ರೂ ನೋಡ್ಲಿಕ್ಕೆ ಬರುದಾ?"

ಶುಕ್ರವಾರ ಮಧ್ಯಾಹ್ನ ಅಂಗಡಿಗಳೆಲ್ಲ ಮುಚ್ಚಿದ್ದವು. ಕೆಳಗಿನ ಮಹಡಿಯಲ್ಲಿದ್ದ ತನ್ನ ಅಕ್ಕ ಜೊಹರಾಳ ಮನೆಗೆ ಹಮೀದ್ ನನ್ನನ್ನು ಎಳೆದೊಯ್ದ. ನಮಾಜಿಗೆ ಮೊದಲು ಕೈಕಾಲು ತೊಳೆಯುವಾಗ ನೀರು ಉಗುರಿಗೇ ತಾಗಬೇಕು. ಹಾಗಾಗಿ ಹಚ್ಚುವ ಸೀಸೆ ಇಲ್ಲದಿದ್ದರೂ ಆ ಮನೆಯಲ್ಲಿ ತೆಗೆಯುವ ಸೀಸೆ ಇದ್ದೇ ಇರುತ್ತಿತ್ತು. ಜೊಹರಕ್ಕ ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ಆಮೇಲೆ ಹತ್ತಿ, ರಿಮೂವರ್ ಕೊಟ್ಟರು. ನಾನು ಧಾರಾಳವಾಗಿ ಸುರಿದು ತಿಕ್ಕಿದೆ. ಒಂಬತ್ತು ಬೆರಳಿಗೆ ಸೀಸೆ ಖಾಲಿ. ಎಡಗೈಯ ಕಿರುಬೆರಳು, ಬಸಳೆ ಹಣ್ಣು, ಹಾಗೆಯೇ ಉಳಿಯಿತು.

"ಅದಕ್ಕೆಂತ? ಗಾಯ ಆಗಿದೆ ಅಂತ ಹೇಳಿ," ಎಂದು ಜೊಹರಕ್ಕ ಬ್ಯಾಂಡೇಜು ಬಟ್ಟೆ ಸುತ್ತಿ ಕಟ್ಟಿದರು. ಸೇತುವೆ ದಾಟುವಾಗ ಹಮೀದನ ಪಿಕಪ್ಪಿನಲ್ಲಿ ಆ ಬೆರಳನ್ನು ಮೇಲೆತ್ತಿ ಹಿಡಿದು, ನೋವಿನ ಮುಖ ಮಾಡುವುದನ್ನು ಅಭ್ಯಾಸ ಮಾಡಿದೆ.

ನಾನು ಮರೆತದ್ದು ಒಂದೇ ಸಂಗತಿ. ಸುಮತಿಯ ಅಣ್ಣ ಆಸ್ಪತ್ರೆಯಲ್ಲಿ ಡ್ರೆಸ್ಸರ್. ದಿನವಿಡೀ ಗಾಯ ಬಿಚ್ಚಿ ಕಟ್ಟುವುದೇ ಅವರ ಕೆಲಸ. ನಮಸ್ಕಾರಕ್ಕೆ ಕೈ ಜೋಡಿಸಿದೆ, ಅವರು ನನ್ನ ಮುಖ ನೋಡಲಿಲ್ಲ, ಬೆರಳು ನೋಡಿದರು.

"ಇದನ್ನು ಯಾರು ಕಟ್ಟಿದ್ದು? ಹೀಗೆ ಬಿಗಿದ್ರೆ ರಕ್ತ ಓಡ್ತದಾ?"

"ಬೇಡ, ಬಿಚ್ಚಿದ್ರೆ ನೋವಾಗ್ತದೆ," ಎಂದೆ. ಅದೇ ತಪ್ಪಾಯಿತು. ನೋವೆಂದ ಮೇಲೆ ಅವರು ಬಿಡುವರೇ? ಕತ್ತರಿ ಬಂತು. ಒಂದು ಸುತ್ತು, ಎರಡು ಸುತ್ತು, ಮೂರನೆಯ ಸುತ್ತಿಗೆ ಎಲ್ಲರೆದುರು ನನ್ನ ಕಿರುಬೆರಳು ನೇರಳೆಗೆಂಪಾಗಿ ಹೊಳೆಯಿತು. ಹಮೀದ್ ಫ್ಯಾನ್ ನೋಡತೊಡಗಿದ. ಹೇಳದೆ ಉಪಾಯವಿರಲಿಲ್ಲ, ತಂಗಿಯ ಪತ್ರದಿಂದ ಹಿಡಿದು ಸೀಮೆಎಣ್ಣೆಯವರೆಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

ಅವರು ನಗಲಿಲ್ಲ. ಸೋಂಕು ಕಂಡವರಂತೆ ಗಂಭೀರವಾಗಿ ಒಳಗೆ ಕೂಗಿದರು: "ಸುಮತೀ, ನಿನ್ನ ರಿಮೂವರ್ ತಾ."

ಹೀಗಾಗಿ ನಾನು ನೋಡಲು ಹೋದ ಹುಡುಗಿ ಚಹಾದ ತಟ್ಟೆ ಹಿಡಿದು ಬರಲಿಲ್ಲ. ಹತ್ತಿಯ ಉಂಡೆ ಮತ್ತು ಸೀಸೆ ಹಿಡಿದು ಬಂದಳು. ಎದುರಿಗೆ ಕೂತು, ಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ಬಣ್ಣ ಒಳ್ಳೆದುಂಟು. ಹಚ್ಚಿದ್ದು ಮಾತ್ರ ಗೋಡೆಗೆ ಸುಣ್ಣ ಹೊಡೆದ ಹಾಗೆ."

"ಮೊದಲ ಸಲ," ಎಂದೆ.

"ಹತ್ತು ಜನಕ್ಕೆ ತಗೊಂಡಿದ್ದೀರಲ್ಲ, ಇವತ್ತು ನೀವು ನೋಡ್ಲಿಕ್ಕೆ ಬಂದ ಹುಡುಗಿಗೆ ಯಾವುದು?"

ದೊಡ್ಡಮ್ಮನ ಮಗಳು ನೆನಪಾಗಿದ್ದಳು, ಪಕ್ಕದ ಮನೆಯ ಟೀಚರ್ ನೆನಪಾಗಿದ್ದರು. ಯಾರಿಗಾಗಿ ಊಟ ಬಿಟ್ಟಿದ್ದೆನೋ ಅವಳಿಗೊಂದು ಸೀಸೆ ಕೊಳ್ಳಬೇಕೆಂದು ಈ ಮಹಾಬುದ್ಧಿವಂತನಿಗೆ ಹೊಳೆದಿರಲಿಲ್ಲ. ಮೂರನೆಯ ಮನೆಯೂ ತಪ್ಪಿತೆಂದುಕೊಂಡು ತಲೆ ತಗ್ಗಿಸಿದೆ.

ಅವಳು ಹತ್ತಿಯನ್ನು ಸೀಸೆಯ ಬಾಯಿಯವರೆಗೆ ತಂದವಳು ಕೈ ತಡೆದಳು. ಮುಚ್ಚಳವನ್ನು ತಿರುಗಿಸಿ ಭದ್ರಮಾಡಿ, ಎದ್ದಳು.

"ಇದು ಹಾಗೇ ಇರ್ಲಿ. ರಜೆ ಮುಗಿಸಿ ಬನ್ನಿ, ನಾನೇ ತೆಗೀತೇನೆ."

ಊರಲ್ಲಿ ಎರಡು ತಿಂಗಳಿದ್ದೆ. ಬಸ್ ಕಂಡಕ್ಟರನಿಂದ ಹಿಡಿದು ಪುರೋಹಿತರವರೆಗೆ ಎಲ್ಲರೂ ಆ ಬೆರಳನ್ನು ನೋಡಿ, ಆಮೇಲೆ ನನ್ನ ಮುಖ ನೋಡಿದರು. ಗಲ್ಫಿನ ಬಿಸಿಲು ತಲೆಗೇರಿದೆ ಎಂದು ಅಮ್ಮ ತಾಯಿತ ಕಟ್ಟಿಸಿದರು. ಬಣ್ಣ ಚಕ್ಕೆ ಏಳುವ ಹಾಗೆ ಕಂಡಾಗ ತಂಗಿಯ ಸೀಸೆಯಿಂದ ಕದ್ದು ತೇಪೆ ಹಾಕಿದೆ. ವಾರಕ್ಕೊಮ್ಮೆ ಜಗಲಿಯಲ್ಲಿ ಕೂತು, ಬಹಳ ಎಚ್ಚರಿಕೆಯಿಂದ, ಒಂಬತ್ತೇ ಉಗುರು ಕತ್ತರಿಸಿಕೊಳ್ಳುತ್ತಿದ್ದೆ.