ಇನ್ನೂ ಘಮ ಬಂದಿಲ್ಲ

ಅಂದು ಸೋಮವಾರ. ನಂಜನಗೂಡಿನ ನಮ್ಮ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಕೊಬ್ಬರಿ ಸೀದ ವಾಸನೆ ಬಂತು. ಪಕ್ಕದ ಮನೆಯದಿರಬೇಕು ಅಂದುಕೊಂಡೆ. ನಮ್ಮ ಅಡುಗೆಮನೆಯಲ್ಲಿ ಕಡಲೆಕಾಳಿನ ಸಾರಿಗೆ ಮಸಾಲೆ ಹುರಿಯುತ್ತಿದ್ದವರು ಅತ್ತೆ. ಅವರ ಕೈಯಲ್ಲಿ ಏನಾದರೂ ಸೀದದ್ದನ್ನು ನಾನು ಕಂಡಿರಲಿಲ್ಲ.

ಒಳಗೆ ಹೋದೆ. ಗಾಜಿನ ಹೆಂಚಿನಿಂದ ಇಳಿದ ಬಿಸಿಲಿನಲ್ಲಿ ಹೊಗೆ ತೆಳ್ಳಗೆ, ನೀಲಿಯಾಗಿ ನಿಂತಿತ್ತು. ಅತ್ತೆ ಅದರ ಕೆಳಗೆ, ಕಿಟಕಿಯಾಚೆ ನದಿಯ ದಿಕ್ಕಿಗೆ ಮುಖ ಮಾಡಿ, ನಿಧಾನವಾಗಿ ಸೌಟು ಆಡಿಸುತ್ತಿದ್ದರು. ಅವರು ಹುರಿಯುವುದು ಹಾಗೆಯೇ. ಕಣ್ಣು ಎಲ್ಲೋ ಇರುತ್ತದೆ, ಮೂಗು ಮಾತ್ರ ಬಾಣಲೆಯ ಮೇಲೆ.

ಗ್ಯಾಸ್ ಆರಿಸಿದೆ.

“ಯಾಕವ್ವ ಆರಿಸ್ದೆ? ಇನ್ನೂ ಘಮ ಬಂದಿಲ್ವಲ್ಲ.”

ಆಮೇಲೆ ಬಾಣಲೆ ನೋಡಿದರು. ಕೊತ್ತಂಬರಿ ಬೀಜ, ಚಕ್ಕೆ, ಕೊಬ್ಬರಿ ಎಲ್ಲ ಒಂದೇ ಕಪ್ಪು. ಸೌಟನ್ನು ಸದ್ದಾಗದಂತೆ ಕೆಳಗಿಟ್ಟರು.

“ಜ್ವರ ಬಿಟ್ ಮ್ಯಾಕೆ ಮೂಗ್ಗೆ ಏನೂ ತಿಳೀತಿಲ್ಲ ಕಣವ್ವ. ಇವತ್ ಬತ್ತದೆ, ನಾಳೆ ಬತ್ತದೆ ಅಂತ ಕಾಯ್ತಿದ್ದೆ. ಇನ್ ನೀನೇ ಮಾಡ್ಕೊ. ನಾನು ಒಲೆ ಮುಂದೆ ನಿಂತ್ಕಂಡು ಏನ್ ಮಾಡ್ಲಿ?”

ನಡುಮನೆಯಲ್ಲಿ ಪೂಜೆಗೆ ಕೂತಿದ್ದ ಮಾವ ಅಲ್ಲಿಂದಲೇ ಕೇಳಿದರು: “ಏನು, ಅತ್ತೆ ಸೊಸೆ ಸೇರ್ಕಂಡು ಮನೆಗೇ ಬೆಂಕಿ ಇಕ್ಬುಟ್ರಾ?”

“ನೀವು ಸುಮ್ನೆ ಗಂಟೆ ಬಾರ್ಸಿ,” ಎಂದರು ಅತ್ತೆ.

ನಮ್ಮ ಮನೆಯಲ್ಲಿ ಸೋಮವಾರದ ಅಡುಗೆಯನ್ನು ದೇವರಿಗೆ ಎಡೆ ಇಡುವ ಮುಂಚೆ ಯಾರೂ ನಾಲಿಗೆಗೆ ಮುಟ್ಟಿಸುವುದಿಲ್ಲ. ಸಾರಿನ ಉಪ್ಪನ್ನೂ ಅತ್ತೆ ಆವಿಗೆ ಮೂಗೊಡ್ಡಿಯೇ ಹೇಳುತ್ತಿದ್ದರು. ಮೂಗಿಗೆ ಯಾವ ಎಂಜಲು ಎಂದು ನಗುತ್ತಿದ್ದರು.

ರಾತ್ರಿ ನೆನೆಹಾಕಿದ್ದ ಕಡಲೆಕಾಳು ಕುಕ್ಕರಿನಲ್ಲಿ ಬೆಂದು ಕಾಯುತ್ತಿತ್ತು. ಬಾಣಲೆ ತಿಕ್ಕಿ ಮತ್ತೆ ಒಲೆಗಿಟ್ಟೆ. ಸೌಟನ್ನು ಅವರ ಕೈಗೇ ಕೊಟ್ಟೆ.

“ನೀವು ಹುರೀರಿ ಅತ್ತೆ. ವಾಸ್ನೆ ನಾನ್ ಹೇಳ್ತೀನಿ.”

ಅತ್ತೆ ಹೊಸದಾಗಿ ಕೊತ್ತಂಬರಿ ಬೀಜ, ಚಕ್ಕೆ, ಕೊಬ್ಬರಿ ಸುರಿದು ಹುರಿಯತೊಡಗಿದರು.

“ಈಗ?”

“ಹಸಿ.”

“ಈಗ?”

ಕಣ್ಣು ಮುಚ್ಚಿದೆ. ತಿ. ನರಸೀಪುರದ ನನ್ನ ತವರಿನ ಬೀದಿ ಬಂತು. ಬೆಳಗ್ಗೆ ಆಗತಾನೇ ಬಾಗಿಲು ತೆಗೆದ ದಿನಸಿ ಅಂಗಡಿ, ಅದರ ಗೋಣಿಚೀಲಗಳು. ಹಾಗೆಯೇ ಹೇಳಿದೆ.

“ಗೋಣಿಚೀಲ ದಾಟ್ಬೇಕು. ತಾಳು.”

ತಾಳಿದೆ. ಅಂಗಡಿ ಮೆಲ್ಲಗೆ ಹಿಂದೆ ಸರಿಯಿತು. ಅಮ್ಮ ನನ್ನ ತಲೆಗೆ ತಟ್ಟುತ್ತಿದ್ದ ಬೆಚ್ಚಗಿನ ಎಣ್ಣೆ ಬಂತು, ಅವಳ ಅಂಗೈ ಬಂತು.

“ಅಮ್ಮನ ಕೈ ಎಣ್ಣೆ,” ಎಂದೆ.

“ಅದೇ ಕಣವ್ವ. ಆರ್ಸು.”

ನೋಡಿದರೆ ಅವರೂ ಕಣ್ಣು ಮುಚ್ಚಿದ್ದರು.

ಸಾರು ಕುದಿದು ಉಪ್ಪು ಹಾಕುವ ಹೊತ್ತಿಗೆ ನನ್ನ ಮೂಗು ಸೋತಿತು. ಆವಿಗೆ ಮೂಗೊಡ್ಡಿದೆ. ಖಾರ ತಿಳಿಯಿತು, ಹುಳಿ ತಿಳಿಯಿತು, ಉಪ್ಪು ತಿಳಿಯಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ. ಅತ್ತೆ ಕಲ್ಲುಪ್ಪನ್ನು ಅಂಗೈಯಲ್ಲಿ ಒಮ್ಮೆ ತೂಗಿ ಹಾಕಿಬಿಟ್ಟರು.

ಎಡೆಯಾಯಿತು. ಮಾವ ಊಟಕ್ಕೆ ಕೂತು ಮುದ್ದೆ ಮುರಿದು ಸಾರಿಗೆ ಅದ್ದಿದರು. ನಾವಿಬ್ಬರೂ ಬಾಗಿಲಲ್ಲಿ ನಿಂತು ಅವರ ಗಂಟಲನ್ನೇ ನೋಡುತ್ತಿದ್ದೆವು.

“ಉಪ್ಪು ಒಸಿ ಕಮ್ಮಿ,” ಎಂದರು. ಇನ್ನೊಂದು ತುತ್ತು ನುಂಗಿದರು. “ಘಮ ಮಾತ್ರ ಯಾವತ್ತಿನಂಗೇ ಅದೆ. ಯಾರ್ ಮಾಡಿದ್ದು?”

ಅತ್ತೆ ನನ್ನನ್ನು ನೋಡಿದರು.

“ಇಬ್ರೂವೆ,” ಎಂದರು.

ಮುಂದಿನ ಸೋಮವಾರ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಒಳಗೆ ಬಾಣಲೆ ಒಲೆಯ ಮೇಲೆ ಕೂತ ಸದ್ದಾಯಿತು.

“ಬಟ್ಟೆ ಆಮ್ಯಾಕೆ ಹಾಕುವಂತೆ,” ಅತ್ತೆ ಕೂಗಿದರು. “ನಿನ್ ಮೂಗ್ ತಕ್ಕೊಂಡ್ ಬಾ.”